ಒಂದೇ ಸರಾಸರಿ ನಂಬಿ ಹಿಂಡಿ ಬದಲಿಸಬೇಡಿ
(ಹನುಮಂತನಗರದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿಗೆ ಸಮೀಪದಲ್ಲೇ ದೊಡ್ಡ ಬಸವಣ್ಣನ ಗುಡಿ ಇದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ರಾಶಿಯಿಂದ ಒಂದು ಹಿಡಿ ತೆಗೆದು ಸುಲಿದರೆ ಜೊಳ್ಳು ಇಷ್ಟು ಎಂದು ತಿಳಿಯುತ್ತದೆ. ಇನ್ನೊಂದು ಹಿಡಿ ತೆಗೆದರೆ ಲೆಕ್ಕ ಬೇರೆ. ನಮ್ಮ ಕೊಟ್ಟಿಗೆಯ ಲೆಕ್ಕವೂ ಹೀಗೆಯೇ.

ಎಂಟು ಹಸುಗಳಿಗೆ ಒಂದು ತಿಂಗಳು ಹೊಸ ಹಿಂಡಿ ಕೊಟ್ಟಿರಿ ಎನ್ನೋಣ. ದಿನದ ಹಾಲು ಒಂದು ಹಸುವಿನಲ್ಲಿ 3.5 ಲೀಟರ್, ಉಳಿದ ಮೂರರಲ್ಲಿ ಕ್ರಮವಾಗಿ 1.5, 1 ಮತ್ತು 0.5 ಲೀಟರ್ ಹೆಚ್ಚಿತು. ಮೂರರಲ್ಲಿ ಬದಲಾವಣೆ ಇಲ್ಲ. ಒಂದರಲ್ಲಿ ಅರ್ಧ ಲೀಟರ್ ಇಳಿಯಿತು. ಸರಾಸರಿ ಏರಿಕೆ ಮುಕ್ಕಾಲು ಲೀಟರ್. ಹೆಚ್ಚುವರಿ ಖರ್ಚು ಅರ್ಧ ಲೀಟರ್ ಹಾಲಿನ ಬೆಲೆಯಷ್ಟಿದ್ದರೆ ಲಾಭವೆಂದೇ ತೋರುತ್ತದೆ. ಆದರೆ ಈ ಮುಕ್ಕಾಲು ಲೀಟರ್ ಎಷ್ಟು ಗಟ್ಟಿ?

ಇದನ್ನು ನೀವೇ ಪರೀಕ್ಷಿಸಬಹುದು. ಎಂಟು ಹಸುಗಳ ಲೆಕ್ಕವನ್ನು ಎಂಟು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ. ಒಂದನ್ನು ಎತ್ತಿ, ಬರೆದುಕೊಂಡು, ಮತ್ತೆ ಡಬ್ಬಿಗೇ ಹಾಕಿ ಕಲಸಿ. ಹೀಗೆ ಎಂಟು ಸಲ ಎತ್ತಿ ಸರಾಸರಿ ತೆಗೆಯಿರಿ. ಇದು ಒಂದು ಸುತ್ತು. 3.5ರ ಚೀಟಿ ಒಮ್ಮೆ ಎರಡು ಸಲ ಬರಬಹುದು. ಸುಮಾರು ಮೂರು ಸುತ್ತಿಗೆ ಒಂದರಲ್ಲಿ ಬರುವುದೇ ಇಲ್ಲ.

ಕಂಪ್ಯೂಟರ್ ಇಂಥ ಸಾವಿರ ಸುತ್ತುಗಳನ್ನು ಕ್ಷಣದಲ್ಲಿ ಮುಗಿಸುತ್ತದೆ. ಬಂದ ಸಾವಿರ ಸರಾಸರಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಕೆಳಗಿನ 25 ಮತ್ತು ಮೇಲಿನ 25 ಬಿಟ್ಟರೆ ಉಳಿಯುವುದೇ ಶೇಕಡ 95ರ ವಿಶ್ವಾಸ ವ್ಯಾಪ್ತಿ. ಅಮೆರಿಕದ ಬ್ರ್ಯಾಡ್ಲಿ ಎಫ್ರಾನ್ 1979ರಲ್ಲಿ ಈ ವಿಧಾನವನ್ನು ಪ್ರಕಟಿಸಿ ‘ಬೂಟ್‌ಸ್ಟ್ರ್ಯಾಪ್’ ಎಂದು ಹೆಸರಿಟ್ಟರು.

ನಮ್ಮ ಉದಾಹರಣೆಯಲ್ಲಿ ಈ ವ್ಯಾಪ್ತಿ ಸೊನ್ನೆಯ ಹತ್ತಿರದಿಂದ ಸುಮಾರು 1.7 ಲೀಟರ್‌ವರೆಗೆ ಹರಡುತ್ತದೆ. ಅಂದರೆ ಲಾಭವೂ ಇರಬಹುದು, ಹಾಕಿದ ದುಡ್ಡು ಹುಟ್ಟದೆಯೂ ಹೋಗಬಹುದು. ಒಂದೇ ಹಸು ಇಡೀ ಸರಾಸರಿಯನ್ನು ಮೇಲಕ್ಕೆತ್ತಿತ್ತು.

ಒಂದು ಎಚ್ಚರಿಕೆ. ಚೀಟಿ ಎತ್ತುವುದರಿಂದ ತಪ್ಪು ಅಳತೆ ಸರಿಯಾಗುವುದಿಲ್ಲ. ಹಸುಗಳು ತೀರ ಕಡಿಮೆಯಿದ್ದರೆ ಈ ವ್ಯಾಪ್ತಿಯೂ ನಿಜಕ್ಕಿಂತ ಕಿರಿದಾಗಿ ಕಾಣುತ್ತದೆ. ಆದ್ದರಿಂದ ನಾಲ್ಕಾರು ಮನೆಯವರು ಕೂಡಿ, ಕರು ಹಾಕಿ ಹೆಚ್ಚು ಕಡಿಮೆ ಅಷ್ಟೇ ದಿನವಾದ ಹಸುಗಳನ್ನು ಆರಿಸಿಕೊಳ್ಳಿ. ಅರ್ಧಕ್ಕೆ ಹಳೆಯ ಹಿಂಡಿ, ಅರ್ಧಕ್ಕೆ ಹೊಸದು ಕೊಟ್ಟು, ಎರಡೂ ಹೊತ್ತಿನ ಹಾಲನ್ನು ಅಳೆದು ಬರೆದಿಡಿ.

ಇನ್ನು ಮುಂದೆ ಯಾರಾದರೂ “ಇಷ್ಟು ಲೀಟರ್ ಹೆಚ್ಚುತ್ತದೆ” ಎಂದರೆ, “ಎಷ್ಟು ಹಸುಗಳಲ್ಲಿ? ಎಷ್ಟರಿಂದ ಎಷ್ಟರವರೆಗೆ?” ಎಂದು ಕೇಳಿ. ಆಮೇಲೆ ದುಡ್ಡು ಬಿಚ್ಚಿ.