ಕಾಣದ ಮೀನು: ಕೊರಿಯಕ್ಕೆ ಹೊರಟವರಿಗೆ

ಯಲಹಂಕದಿಂದಲೂ ಆರ್.ಟಿ. ನಗರದಿಂದಲೂ ಬರುವ ಕೇಳುಗರ ಪ್ರಶ್ನೆ ಒಂದೇ: ಕಾಲೇಜಿನವರ ಜೊತೆ ಕೊರಿಯ ನೋಡಲು ಹೊರಟ ಮಗಳು ಅಲ್ಲಿ ಊಟಕ್ಕೇನು ಮಾಡುತ್ತಾಳೆ? ಅದರ ಬೆನ್ನಿಗೇ ನಾಯಿಮಾಂಸದ ಮಾತು. ಆ ಭಯ ಇನ್ನಾದರೂ ಸಾಕು. ದಕ್ಷಿಣ ಕೊರಿಯದ ಸಂಸತ್ತು ಆ ವ್ಯಾಪಾರವನ್ನೇ ನಿಷೇಧಿಸಿ 2024ರಲ್ಲಿ ಕಾನೂನು ಮಾಡಿದೆ. 2027ರಿಂದ ತಪ್ಪಿದವರಿಗೆ ಶಿಕ್ಷೆ.

ಎಚ್ಚರ ಬೇಕಾದದ್ದು ಎಲೆಕೋಸಿನ ಬಟ್ಟಲಿನಲ್ಲಿ.

ತರಕಾರಿ ತಾನೇ ಎಂದು ಸಸ್ಯಾಹಾರಿಗಳು ಮೊದಲು ಕೈಹಾಕುವುದು ಕಿಮ್ಚಿಗೆ. ಕೋಸಿಗೆ ಉಪ್ಪು ಹಚ್ಚಿಟ್ಟರೆ ಅದು ನೀರು ಬಿಟ್ಟು ಬಾಡುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಆ ಉಪ್ಪಿಗೆ ಹಿಂಜರಿಯುತ್ತವೆ, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯ ಬೆಳೆದು ಹುಳಿ ಬರಿಸುತ್ತವೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯುಕೊನೊಸ್ಟಾಕ್ ಬಳಗವೇ ಇಲ್ಲೂ ಕೆಲಸಕ್ಕೆ ನಿಲ್ಲುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಮೆಣಸಿನಪುಡಿ, ಬೆಳ್ಳುಳ್ಳಿಯ ಜೊತೆಗೆ ಸಾಮಾನ್ಯವಾಗಿ ಜೊತ್‌ಗಲ್ ಕೂಡ ಬೀಳುತ್ತದೆ: ಉಪ್ಪಿನಲ್ಲಿ ಹುದುಗಿಸಿದ ಸೀಗಡಿ ಅಥವಾ ಸಣ್ಣ ಮೀನು. ಹುಳಿ ಏರುವಷ್ಟರಲ್ಲಿ ಅದು ಕರಗಿ ಬೆರೆತಿರುತ್ತದೆ. ಮಾಂಸದ ತುಂಡಾದರೆ ಕಂಡೀತು, ಇದು ಕಾಣದು. ಮತ್ತೊಮ್ಮೆ ಹೇಳಲೇಬೇಕು: ಕಾಣದಿದ್ದರೂ ಇರುತ್ತದೆ. ಸಾರಿಗೂ ಇದೇ ಮಾತು. ಹುದುಗಿಸಿದ ಸೋಯಾದ ದ್ವೆಂಜಾಂಗ್ ಸಾರಿನಲ್ಲಿ ತೇಲುವುದು ತೋಫು, ತರಕಾರಿ. ಆ ಸಾರಿನ ನೀರು ಮಾತ್ರ ಬಹಳ ಕಡೆ ಒಣಮೀನು ಕುದಿಸಿ ಬಸಿದದ್ದು.

ನಾನೊಮ್ಮೆ ಸಿಯೋಲ್‌ನಲ್ಲಿ ‘ಮಾಂಸ ಬೇಡ’ ಎಂದಾಗ, ಹೋಟೆಲಿನಾಕೆ ನಗುತ್ತಲೇ ಸೀಗಡಿಯ ತಟ್ಟೆ ತಂದಿಟ್ಟರು. ಮಾಂಸ ಬೇಡವೆಂದರೆ ಸಾಲದು. ಮೀನು, ಸೀಗಡಿ, ಮೀನಿನ ಸಾರು ಬೇಡವೆಂದು ಬಿಡಿಸಿ ಹೇಳಬೇಕು. ದೇವನಹಳ್ಳಿಯಲ್ಲಿ ವಿಮಾನ ಹತ್ತುವ ಮೊದಲೇ ಇದನ್ನು ಕೊರಿಯನ್ ಲಿಪಿಯಲ್ಲಿ ಚೀಟಿ ಬರೆಸಿಕೊಂಡರೆ ಒಳ್ಳೆಯದು. ನಿಶ್ಚಿಂತೆಯ ಊಟ ಬೇಕಾದರೆ ಬೌದ್ಧ ಮಠಗಳಿವೆ. ಸಿಯೋಲ್‌ನ ಜಿನ್‌ಗ್ವಾನ್‌ಸ ಮಠದ ಅಡುಗೆ ಹೆಸರುವಾಸಿ. ಮೀನು, ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಅಲ್ಲಿಲ್ಲ.

ಊಟದ ಮಾತೇ ಹೊತ್ತನ್ನೆಲ್ಲ ತಿಂದಿತು, ಇತಿಹಾಸಕ್ಕೆ ಉಳಿದದ್ದು ನಿಮಿಷವಷ್ಟೆ. 1395ರಲ್ಲಿ ಕಟ್ಟಿದ ಗ್ಯೋಂಗ್‌ಬೊಕ್ ಅರಮನೆಗೆ ಅಲ್ಲಿಯ ಉಡುಪು ಹಾನ್‌ಬೊಕ್ ತೊಟ್ಟು ಹೋದರೆ ಟಿಕೆಟ್ ಬೇಕಿಲ್ಲ. ಉತ್ತರ ಕೊರಿಯದ ಗಡಿಯ ಸೇನಾರಹಿತ ವಲಯವನ್ನಂತೂ ಬಿಡಬಾರದು. ಕೊರಿಯ ಯುದ್ಧ ನಿಂತ ಮೇಲೆ, ಅದೇ ವಲಯದಲ್ಲಿ, ತಾಯ್ನಾಡಿಗೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953-54ರಲ್ಲಿ ಅಧ್ಯಕ್ಷರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ಆ ವಲಯಕ್ಕೆ ಹೊರಟ ದಿನ ಪಾಸ್‌ಪೋರ್ಟನ್ನು ಕೋಣೆಯಲ್ಲಿ ಬಿಡಬಾರದು, ತಪಾಸಣೆಯಲ್ಲಿ ಕೇಳುತ್ತಾರೆ.