ಆಪರೇಷನ್ ಆದ ಮೇಲಿನ ವರ್ಷಗಳು



ಜನಸಂಖ್ಯಾ ಲಾಭಾಂಶದ ಸಿದ್ಧಾಂತ ವಿವರಿಸಲು ನಾನು ಹೊತ್ತು ಕಳೆಯುವುದಿಲ್ಲ. ಅದನ್ನು ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವಲಂಬನೆ ಅನುಪಾತದ ಲೆಕ್ಕವನ್ನು ಮಧ್ಯಾಹ್ನ ಅವರೇ ಮಂಡಿಸುತ್ತಾರೆ. ಲೆಕ್ಕದ ಮೇಲೆ ನನಗೆ ತಕರಾರಿಲ್ಲ. ಹದಿನೈದರಿಂದ ಐವತ್ತೊಂಬತ್ತರವರೆಗಿನ ಎಲ್ಲರನ್ನೂ ‘ದುಡಿಯುವ ವಯಸ್ಸಿನವರು’ ಎಂದು ಒಂದೇ ಕಾಲಂಗೆ ಸೇರಿಸಿ, ದುಡಿಯುವ ತ್ರಾಣ ಅವರಲ್ಲಿದೆಯೇ ಎಂದು ಕೇಳದೆ ಮುಂದೆ ಹೋದೆವಲ್ಲ, ನಮ್ಮ ಶಾಸ್ತ್ರ ದಾರಿ ತಪ್ಪಿದ್ದೇ ಅಲ್ಲಿ. ಇದನ್ನು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ.

ನಮ್ಮ ನಾಡನ್ನೇ ನೋಡಿ. ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದದ್ದು 1930ರಲ್ಲಿ. ದೇಶದ ಕುಟುಂಬ ಯೋಜನೆ ಬಂದದ್ದು 1952ರಲ್ಲಿ. ಅಷ್ಟು ಮುಂಚೆ ಹೊರಟ ನಾಡು ಫಲವತ್ತತೆ ಇಳಿಸುವ ಗುರಿಯನ್ನೂ ದಾಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಈ ಇಳಿಕೆಯ ಭಾರವನ್ನೆಲ್ಲ ಹೊತ್ತವರು ಹೆಣ್ಣುಮಕ್ಕಳು. ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ.

ರಾಯಚೂರು ಕಡೆಯ ಹಳ್ಳಿಯೊಂದರಲ್ಲಿ ಹತ್ತಿ ಬಿಡಿಸುತ್ತಿದ್ದ ತಾಯಿಯೊಬ್ಬರನ್ನು, ಬಿ.ಪಿ. ನೋಡಿಸಿ ಎಷ್ಟು ದಿನವಾಯಿತೆಂದು ಕೇಳಿದೆ. “ನಂದು ಆಪರೇಷನ್ ಆಗೈತ್ರಿ. ಇನ್ಯಾಕ ನೋಡ್ತಾರ್ರಿ ನಮ್ಮನ್ನ?” ಎಂದರು. ಅವರಿಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಬಸಿರು, ಹೆರಿಗೆ, ಚುಚ್ಚುಮದ್ದು, ಆಪರೇಷನ್. ಅಲ್ಲಿಗೆ ಆಸ್ಪತ್ರೆಯ ಋಣ ತೀರಿತು. ನಾವು ಲಾಭಾಂಶ ಎನ್ನುವುದು ಅವರ ಮುಂದಿನ ಇಪ್ಪತ್ತೈದು ವರ್ಷಗಳನ್ನೇ.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಹೆರಿಗೆ ಕಡಿಮೆಯಾದರೆ ಮೈಯಲ್ಲಿ ರಕ್ತ ಉಳಿಯಬೇಕು. ಕಬ್ಬಿಣಾಂಶದ ಮಾತ್ರೆಯ ರಾಷ್ಟ್ರೀಯ ಕಾರ್ಯಕ್ರಮ 1970ರಿಂದ ಇದೆ. ಹಾಗಿದ್ದೂ ರಾಜ್ಯದಲ್ಲಿ ರಕ್ತಹೀನತೆ ಇರುವ ಹೆಂಗಸರು ಅದೇ ಸಮೀಕ್ಷೆಯ ಹಿಂದಿನ ಸುತ್ತಿನಲ್ಲಿ ಶೇ. 44.8 ಇದ್ದವರು 2019–21ರ ಸುತ್ತಿನಲ್ಲಿ ಶೇ. 47.8 ಆದರು. ಬೆರಳು ಚುಚ್ಚಿ ತೆಗೆದ ರಕ್ತದ ಅಳತೆ ನಂಬುವಂತಿಲ್ಲ ಎಂದು ಇಲ್ಲಿರುವ ಪ್ರಯೋಗಾಲಯದ ಗೆಳೆಯರು ವಾದಿಸುತ್ತಾರೆ. ಅವರ ಮಾತಿನಲ್ಲಿ ತೂಕವಿದೆ. ಆದರೆ ಎರಡೂ ಸಲ ಬೆರಳನ್ನೇ ಚುಚ್ಚಿದ್ದಲ್ಲವೇ? ಏರಿಕೆಗೆ ಕಾರಣ ಮುಟ್ಟಿನ ಅತಿಸ್ರಾವವೋ, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದ ಅನ್ನಸಾರೋ, ಬೇರೇನೋ? ಯಾವುದು ಎಷ್ಟು ಪಾಲು ಎಂದು ಬಿಡಿಸಿ ಹೇಳುವ ಅಧ್ಯಯನಕ್ಕಾಗಿ ನಾನು ಇನ್ನೂ ಕಾಯುತ್ತಿದ್ದೇನೆ. ವೇದಿಕೆಯ ಕೆಳಗಿರುವ ಕಿರಿಯರು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕಳಕಳಿಯಿಂದ ಕೇಳುತ್ತೇನೆ.

ಅಲ್ಲಿಯವರೆಗೆ ಕಾಲ ಕಾಯುವುದಿಲ್ಲ. 2011ರ ಜನಗಣತಿಯಲ್ಲೇ ರಾಜ್ಯದ ಶೇ. 9.5 ಜನ ಅರವತ್ತು ದಾಟಿದ್ದರು. ಆ ವಯಸ್ಸಿಗೆ ಮುಂಚೆಯೇ ಆರೋಗ್ಯ ಕಾಯಲು, ಮೂವತ್ತು ದಾಟಿದ ಎಲ್ಲರಿಗೂ ಬಿ.ಪಿ., ಸಕ್ಕರೆ ತಪಾಸಣೆ ಮಾಡಬೇಕೆಂಬ ಆದೇಶವೇನೋ ಇದೆ. ಕೂಲಿಗೆ ಹೋಗುವ ಹೆಂಗಸು ಹೊಲಕ್ಕೆ ಹೊರಟ ಮೇಲೆ ಆರೋಗ್ಯ ಉಪಕೇಂದ್ರದ ಬಾಗಿಲು ತೆರೆಯುತ್ತದೆ, ಅವಳು ಮರಳುವ ಮೊದಲೇ ಮುಚ್ಚುತ್ತದೆ. ಸಂಜೆ ಆರರ ಮೇಲೆ ವಾರಕ್ಕೆರಡು ದಿನ ಅದನ್ನು ತೆರೆದಿಡಲು ಎಷ್ಟು ಸಿಬ್ಬಂದಿ ಬೇಕು, ಎಷ್ಟು ಭತ್ಯೆ ಬೇಕು, ನರ್ಸಮ್ಮ ಕತ್ತಲಲ್ಲಿ ಮನೆ ಸೇರಲು ಏನು ವ್ಯವಸ್ಥೆ ಬೇಕು? ಇಲಾಖೆಯ ಅಧಿಕಾರಿಗಳೂ ಇಲ್ಲೇ ಇದ್ದಾರೆ. ನಾಳೆಯ ಗೋಷ್ಠಿ ಇದಿಷ್ಟರ ಖರ್ಚನ್ನು ಒಂದು ತಾಲ್ಲೂಕಿಗಾದರೂ ಲೆಕ್ಕ ಹಾಕಿ ಅವರ ಕೈಗೆ ಕೊಡಲಿ.