ಖಾಲಿ ಕಾಡು ಎಂಬ ಸುಳ್ಳು

(ಹಳಿಯಾಳದ ಸಭೆಯಲ್ಲಿ ಮಾಡಿದ ಭಾಷಣ)



ಅರಣ್ಯ ಹಕ್ಕಿನ ಅರ್ಜಿಯ ಸಭೆಯಲ್ಲಿ ಅಮೆರಿಕದ ಚರಿತ್ರೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ನೆಲವನ್ನು ಉತ್ತು ಬಿತ್ತಿದವನನ್ನೇ ಅತಿಕ್ರಮಣದಾರನೆಂದು ಕರೆಯುವ ವಿದ್ಯೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಆ ವಿದ್ಯೆಯನ್ನು ಇತಿಹಾಸಕಾರರು ಹೇಗೆ ಬಯಲಿಗೆಳೆದರು ಎಂಬುದನ್ನು ತಿಳಿದರೆ ನಮ್ಮ ಅರ್ಜಿಗೂ ಬಲ ಬರುತ್ತದೆ.

1630ರಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಗೆ ಬಂದ ವಲಸೆಗಾರರ ಮುಖಂಡ ಜಾನ್ ವಿಂತ್ರಾಪ್. ಅವನ ವಾದ ಇಷ್ಟು: ಅಲ್ಲಿಯ ಮೂಲನಿವಾಸಿಗಳು ಹೊಲಕ್ಕೆ ಬೇಲಿ ಹಾಕಿಲ್ಲ, ದನ ಕಟ್ಟಿಲ್ಲ, ಒಂದೇ ಕಡೆ ನೆಲೆ ನಿಂತಿಲ್ಲ, ಆದ್ದರಿಂದ ಅವರಿಗೆ ಸಾಕಾಗುವಷ್ಟು ಬಿಟ್ಟು ಮಿಕ್ಕ ನೆಲವನ್ನು ನಾವು ತೆಗೆದುಕೊಳ್ಳಬಹುದು. ಆದರೆ ಅವನಿಗಿಂತ ಹತ್ತು ವರ್ಷ ಮೊದಲು, 1620ರಲ್ಲಿ, ಮೇಫ್ಲವರ್ ಹಡಗಿನಲ್ಲಿ ಬಂದವರು ತಾವೇ ಬರೆದಿಟ್ಟ ಮಾತು ಬೇರೆ. ಹಸಿದು ಬಂದ ಅವರು ಮಣ್ಣು ಅಗೆದಾಗ ಬುಟ್ಟಿಯಲ್ಲಿ ಹೂತಿಟ್ಟ ಗೋವಿನಜೋಳ ಸಿಕ್ಕಿತು. ಅದನ್ನು ಹೊತ್ತು ತಂದು ಬೀಜಕ್ಕೆ ಇಟ್ಟುಕೊಂಡರು. ನೆಲ ಖಾಲಿಯಿದ್ದರೆ ಆ ಜೋಳ ಬೆಳೆದವರಾರು? ಇಂದು ಹಳಿಯಾಳ, ಮುಂಡಗೋಡಗಳಲ್ಲಿ ನಾವು ಬೆಳೆಯುವ ಗೋವಿನಜೋಳವೂ ಅಮೆರಿಕದ ಆ ಮೂಲಜನರು ಕಾಡುಹುಲ್ಲಿನಿಂದ ಪಳಗಿಸಿ ಜಗತ್ತಿಗೆ ಕೊಟ್ಟ ಧಾನ್ಯವೇ.

ವಿಲಿಯಂ ಕ್ರೋನನ್ ಎಂಬ ಇತಿಹಾಸಕಾರ 1983ರ ತನ್ನ ಪುಸ್ತಕದಲ್ಲಿ ಇದನ್ನೇ ವಿವರಿಸಿದ. ಅಲ್ಲಿಯ ಹೆಂಗಸರು ಗೋವಿನಜೋಳ, ಹುರುಳಿಕಾಯಿ, ಕುಂಬಳಗಳನ್ನು ಒಂದೇ ಹೊಲದಲ್ಲಿ ಕೂಡಿ ಬಿತ್ತುತ್ತಿದ್ದರು. ಮಣ್ಣು ಸೊರಗಿದಾಗ ಆ ಹೊಲವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದರು. ಕಾಡಿನ ಪೊದೆಗಳಿಗೆ ಬೆಂಕಿ ಕೊಟ್ಟು ಬೇಟೆಗೆ ದಾರಿ ಮಾಡುತ್ತಿದ್ದರು. ಅವರು ಕಾಡನ್ನು ಮುಟ್ಟಲೇ ಇಲ್ಲವೆಂದು ಅವನು ಹೇಳುವುದಿಲ್ಲ. ಬೇಲಿಯಿಲ್ಲದಿದ್ದರೂ ತಾವು ಬಳಸುವ ನೆಲದ ಮೇಲೆ ಅವರಿಗೆ ಬಳಕೆಯ ಹಕ್ಕಿತ್ತು ಎನ್ನುತ್ತಾನೆ.

ಇದು ನಿಮಗೆ ಎಲ್ಲೋ ಕೇಳಿದಂತಿದೆಯಲ್ಲವೇ? ನಮ್ಮ ಹಿರಿಯರ ಕುಮರಿ ಬೇಸಾಯವೂ ಹೀಗೆಯೇ ಇತ್ತು. ಗುಡ್ಡದ ಇಳಿಜಾರಿನಲ್ಲಿ ಸೊಪ್ಪುಸದೆ ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುವುದು, ಜೊತೆಗೆ ತೊಗರಿ, ಹರಳು ಹಾಕುವುದು. ಒಂದೆರಡು ಬೆಳೆ ತೆಗೆದು ಕಾಡು ಮತ್ತೆ ಬೆಳೆಯಲೆಂದು ಬಿಡುವುದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕಂಪನಿಯ ಕೈಸೇರಿತು. ಕಂಪನಿಯ ಕಣ್ಣು ಸಾಗವಾನಿಯ ಮೇಲೆ, ಏಕೆಂದರೆ ಹಡಗಿಗೆ ಮರ ಬೇಕು. 1860ರಲ್ಲಿ ಮದ್ರಾಸ್ ಸರಕಾರ ತನ್ನ ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮರಿ ಕೂಡದೆಂದಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಬಂದಾಗ ಬೇಡನ್-ಪಾವೆಲ್ ಎಂಬ ಅಧಿಕಾರಿ ಹೂಡಿದ ವಾದವನ್ನು ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರ ತಮ್ಮ ಗ್ರಂಥದಲ್ಲಿ ಬಿಡಿಸಿ ತೋರಿಸಿದ್ದಾರೆ. ಬರವಣಿಗೆಯಲ್ಲಿ ಇಲ್ಲದ ರೂಢಿ ಹಕ್ಕಲ್ಲ, ಅದು ಬರಿ ಸವಲತ್ತು. ಸವಲತ್ತನ್ನು ಕೊಟ್ಟವನು ಹಿಂದಕ್ಕೂ ಪಡೆಯಬಲ್ಲ. ಇದು ವಿಂತ್ರಾಪನ ಬೇಲಿಯ ವಾದವೇ. ಅಲ್ಲಿ ಬೇಲಿ ಕೇಳಿದರು, ಇಲ್ಲಿ ಕಾಗದ ಕೇಳಿದರು.

ಹೋಲಿಕೆಯನ್ನು ಹರಿಯುವ ತನಕ ಎಳೆಯಬಾರದು. ಅಮೆರಿಕದಲ್ಲಿ ಸಿಡುಬಿನಂಥ ರೋಗಗಳೂ 1675-76ರಂಥ ಯುದ್ಧಗಳೂ ಜನರನ್ನೇ ಅಳಿಸಿದವು. ಇಲ್ಲಿ ಜನ ಉಳಿದರು, ದಫ್ತರದಲ್ಲಿ ಅವರ ಹಕ್ಕು ಅಳಿಯಿತು.

ಇನ್ನೊಂದು ನಂಟನ್ನೂ ಕೇಳಿ. 1619ರಲ್ಲಿ ವರ್ಜೀನಿಯಕ್ಕೆ ಬಂದಿಳಿದ ಆಫ್ರಿಕದ ಸೆರೆಯಾಳುಗಳನ್ನು ಮೊದಲು ಅಂಗೋಲದಿಂದ ಹೊತ್ತು ಹೊರಟದ್ದು ಪೋರ್ತುಗೀಜರ ಹಡಗು. ಅದೇ ಪೋರ್ತುಗೀಜರು ಗೋವೆಗೂ ಆಫ್ರಿಕದವರನ್ನು ಗುಲಾಮರಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದವರ ಸಂತಾನ ಸಿದ್ದಿ ಬಂಧುಗಳಲ್ಲಿದೆ. ವರ್ಜೀನಿಯದ ಗುಲಾಮರೂ ಓಡಿಹೋಗಿ ದೊಡ್ಡ ಜೌಗುಕಾಡಿನಲ್ಲಿ ಅಡಗಿ ಬದುಕಿದರು. 1858-59ರಲ್ಲಿ ಸೂಪಾ ಕಾಡಿನಲ್ಲಿ ಇಂಗ್ಲಿಷರ ವಿರುದ್ಧ ಎದ್ದ ದಂಗೆಯಲ್ಲಿ ಸಿದ್ದಿ ಬಾಸ್ತ್ಯಾಂವ್ ಹೋರಾಡಿ ಮಡಿದ. ಸರಕಾರಿ ಕಡತದಲ್ಲಿ ಅವನು ದಂಗೆಕೋರ. ಇರಲಿ, ದಂಗೆಕೋರನೆಂದು ಬರೆದವನೇ ಅವನು ಇಲ್ಲಿದ್ದನೆಂದೂ ಬರೆದ ಹಾಗಾಯಿತು!

ಇತಿಹಾಸಕಾರರ ಹತೋಟಿ ಇರುವುದು ಇಲ್ಲಿಯೇ. ಯಾರೂ ಮಾಡದ ಕೆಲಸವನ್ನು ಯಾವ ಸರಕಾರವೂ ನಿಷೇಧಿಸುವುದಿಲ್ಲ. 1860ರ ನಿಷೇಧವೇ ಈ ಕಾಡಿನಲ್ಲಿ ಬೇಸಾಯವಿತ್ತೆಂಬುದಕ್ಕೆ ಸಾಕ್ಷಿ. ನಮ್ಮನ್ನು ಓಡಿಸಲು ಬರೆದ ಕಾಗದವನ್ನು ನಾವು ಉಳಿಯುವುದಕ್ಕೆ ಓದಬೇಕು.

2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬಾಳಿದ್ದನ್ನು ತೋರಿಸಬೇಕು. ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಅವರಿಗೆ ಈ 75 ವರ್ಷದ ಷರತ್ತಿಲ್ಲ. ಪಟ್ಟಿಯ ಹೊರಗಿದ್ದವರ ಗತಿಯೇನು? ಸೂಪಾ ಊರೇ 1980ರ ದಶಕದಲ್ಲಿ ಅಣೆಕಟ್ಟಿನ ನೀರಿನಡಿ ಹೋಯಿತು. ದಾಂಡೇಲಿಯಲ್ಲಿ 1950ರ ದಶಕದ ಕೊನೆಯಿಂದ ಈ ಕಾಡಿನ ಬಿದಿರಿನಿಂದ ಕಾಗದ ಮಾಡಿದರು. ಬಿದಿರಿನ ನಡುವೆ ಹುಟ್ಟಿದವನ ಟ್ರಂಕಿನಲ್ಲಿ ಒಂದು ಚೀಟಿಯಿಲ್ಲ.

ಆದರೂ ಎದೆಗುಂದಬೇಡಿ. ಕಾಯಿದೆಯ ನಿಯಮಗಳು ಗೆಝೆಟಿಯರು, ನಕಾಶೆ, ಹಳೆಯ ಸರಕಾರಿ ವರದಿಗಳನ್ನು ಸಾಕ್ಷಿಯೆನ್ನುತ್ತವೆ. ಹಳೆಯ ಮನೆಯ ತಳಪಾಯ, ಬಾವಿ, ಮಸಣ, ದೇವರ ಬನಗಳನ್ನೂ ಸಾಕ್ಷಿಯೆನ್ನುತ್ತವೆ. ಅರ್ಜಿದಾರನಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ.

ಆದ್ದರಿಂದ ಈ ಸಭೆಯಿಂದ ಒಂದೇ ಕೆಲಸ ಹೊತ್ತು ಹೋಗಿರಿ. ಪ್ರತಿ ಹಳ್ಳಿಯಲ್ಲಿ ಅಕ್ಷರ ಬಲ್ಲ ಇಬ್ಬರು ಹುಡುಗ ಹುಡುಗಿಯರು ನೋಟುಬುಕ್ಕು ಹಿಡಿದು ಅಜ್ಜ ಅಜ್ಜಿಯರ ಬಳಿ ಕೂರಲಿ. ಯಾವ ಗುಡ್ಡದಲ್ಲಿ ಯಾರು ಬಿತ್ತಿದರು, ಯಾವ ಬಾವಿಯನ್ನು ಯಾರು ತೋಡಿದರು, ಯಾರನ್ನು ಎಲ್ಲಿ ಹೂಳಿದರು, ಎಲ್ಲವನ್ನೂ ಹೆಸರು ಹಿಡಿದು ಬರೆಯಲಿ. ಬರೆದದ್ದನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಡಲಿ. ಎಂಬತ್ತು ದಾಟಿದವರು ಮುಂದಿನ ಮಳೆಗಾಲದ ತನಕ ಕಾಯಲಾರರು. ಅವರ ಮನೆಗೆ ಮೊದಲು ಹೋಗಿ.